ಒಡಕು ದನಿಗೆ ನಾನು ಮಾಡಿದ ರಿಪೇರಿ

ಆ ಗಿಟಾರ್ ಪೆಡಲ್ ನನ್ನ ಅಂಗಡಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಬಾಳೆ ಎಲೆಯಲ್ಲಿ ಸುತ್ತಿಕೊಂಡು. ತಂದವನು ಗಿಟಾರ್ ನುಡಿಸುವವರ ಬಾಮೈದ. ಅವನದು ಲಗೇಜ್ ಆಟೋ. ದೇವನೂರು ಕಡೆಯ ತೋಟಗಳಿಂದ ಎಲೆ ಕೊಯ್ಸಿಕೊಂಡು ನಂಜನಗೂಡಿನ ಹೋಟೆಲುಗಳಿಗೂ ಸುತ್ತಲ ಛತ್ರಗಳಿಗೂ ಹಾಕುತ್ತಾನೆ. ಆಟೋದ ಇಂಜಿನ್ ಆರಿಸದೆ ಇಳಿದು ಬಂದು, ಎಲೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಭಾವ ಕೊಟ್ಟವ್ರೆ ಸಾ. ಸೌಂಡ್ ಒಡೀತದಂತೆ. ಶುಕ್ರವಾರಕ್ ಬೇಕಂತೆ."

ಇಷ್ಟೇ ಮಾತು. ಇದನ್ನು ನಾನು ರಿಪೇರಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ: "ಗಿಟಾರ್ ಬಾಕ್ಸ್, ಸೌಂಡ್ ಒಡೆಯುತ್ತದೆ." ಮುಂದೆ ನಡೆದದ್ದಕ್ಕೆಲ್ಲ ಈ ಸಾಲೇ ಮೂಲವಾದ್ದರಿಂದ ಆ ಪುಟವನ್ನು ಹಲವು ಸಲ ತೆಗೆದು ನೋಡಿದ್ದೇನೆ. ಅಕ್ಷರ ಸ್ಪಷ್ಟವಾಗಿಯೇ ಇದೆ.

ಭಾವ ಎಂದರೆ ಅವರೂರಿನ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲಿನ ಫ್ಯಾಟ್ ನೋಡಿ ಬರೆಯುತ್ತಾರೆ, ಉಳಿದಂತೆ ಒಂದು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾರೆ. ಅವರ ಸ್ಪೀಕರ್ ಡಬ್ಬ ಎರಡು ಸಲ ನನ್ನ ಕೈಗೆ ಬಂದಿತ್ತು. ಮಿತಭಾಷಿ. ಆದರೆ ಆ ದಿನ ಬಂದವನು ಅವರಲ್ಲ.

ಎಲೆ ಬಿಚ್ಚಿದರೆ ಒಳಗೆ ತಗಡಿನ ಹಸಿರು ಡಬ್ಬ, ಅಂಗೈಯಷ್ಟು. ಮೇಲೆ ಮೂರು ಗುಂಡಿ, ಒಂದು ಒತ್ತುವ ಸ್ವಿಚ್, ಒಂದು ಕೆಂಪು ದೀಪ. ದೀಪದ ಕೆಳಗೆ ಇಂಗ್ಲಿಷಿನಲ್ಲಿ ಓವರ್‌ಡ್ರೈವ್ ಎಂದು ಬರೆದಿತ್ತು. ನಾನು ಮೈಕ್ ಸೆಟ್ಟು, ಮಿಕ್ಸರು, ಆಂಪ್ಲಿಫೈಯರು ನೋಡುವವನು. ನಮ್ಮ ಮಿಕ್ಸರುಗಳಲ್ಲಿ ಹೀಗೆ ಕೆಂಪು ದೀಪವಿದ್ದು ಪಕ್ಕದಲ್ಲಿ ಓವರ್‌ಲೋಡ್ ಎಂದು ಬರೆದಿರುತ್ತದೆ. ಸದ್ದು ಮಿತಿ ಮೀರಿದೆ, ಇಳಿಸು ಎಂದು ಅರ್ಥ. ಇದೂ ಅದೇ ಎಚ್ಚರಿಕೆ, ಬೇರೆ ಕಂಪನಿಯ ಬೇರೆ ಮಾತು ಎಂದುಕೊಂಡೆ. ಫೋನಿನಲ್ಲಿ ಹುಡುಕಿ ನೋಡಬಹುದಿತ್ತು. ನೋಡಲಿಲ್ಲ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವನಿಗೆ ಕೆಂಪು ದೀಪದ ಅರ್ಥ ಹುಡುಕಬೇಕು ಅನ್ನಿಸುವುದಿಲ್ಲ.

ಸಂಗೀತಕ್ಕೆ ಸೇರಿದ ಸಾಮಾನು ಮೇಜಿಗೆ ಬಂದರೆ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಅಂಗಡಿಯ ಪದ್ಧತಿ. ಇದಕ್ಕೂ ಹಾಗೇ ಮಾಡಿದೆ. ಆಮೇಲೆ ಒಂದು ಕಡೆಗೆ ಟೋನ್ ಕೊಡುವ ಯಂತ್ರ, ಇನ್ನೊಂದು ಕಡೆಗೆ ಪುಟ್ಟ ಸ್ಪೀಕರ್, ಜೊತೆಗೆ ಸದ್ದಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಹಳೆಯ ಸ್ಕೋಪ್ ಜೋಡಿಸಿದೆ. ಹೊಸ ಬ್ಯಾಟರಿ ಹಾಕಿದೆ. ಸ್ವಿಚ್ಚನ್ನು ಅಂಗೈಯಿಂದ ಒತ್ತಿದೆ. ಕೆಂಪು ದೀಪ ಹತ್ತಿತು.

ಸದ್ದು ಒಡೆಯಿತು. ಬಾಮೈದ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪರದೆಯ ಮೇಲೆ ದುಂಡಗೆ ಏರಿ ಇಳಿಯಬೇಕಾದ ಅಲೆಯ ತಲೆಯನ್ನೂ ಬುಡವನ್ನೂ ಯಾರೋ ಮಚ್ಚಿನಿಂದ ಸವರಿದ ಹಾಗಿತ್ತು. ಇಷ್ಟು ಕೆಟ್ಟದಾಗಿ ಒಡೆಯುವ ಸರ್ಕ್ಯೂಟನ್ನು ನಾನು ನೋಡಿರಲಿಲ್ಲ.

ಮಂಗಳವಾರ ಮಧ್ಯಾಹ್ನವೆಲ್ಲ ಕಾರಣ ಹುಡುಕಿದೆ. ಒಳಗೆ ಎಂಟು ಕಾಲಿನ ಒಂದು ಐಸಿ, ಹತ್ತಿಪ್ಪತ್ತು ಸಣ್ಣ ಸಾಮಾನು. ಐಸಿ ತೆಗೆದು ಹೊಸದು ಹಾಕಿದೆ. ಒಡೆಯುವುದು ನಿಲ್ಲಲಿಲ್ಲ. ಕೆಪಾಸಿಟರುಗಳನ್ನು ಒಂದೊಂದಾಗಿ ಎತ್ತಿ ಅಳೆದೆ. ಎಲ್ಲ ಸರಿಯಿದ್ದವು. ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಸಿಕ್ಕಿತು. ಐಸಿಯ ಮಗ್ಗುಲಲ್ಲಿ ಜೀರಿಗೆ ಕಾಳಿನಷ್ಟು ಗಾಜಿನ ಎರಡು ಡಯೋಡ್. ಒಂದರ ಮುಖ ಈ ಕಡೆಗೆ, ಇನ್ನೊಂದರದು ಆ ಕಡೆಗೆ. ಸದ್ದು ಸ್ವಲ್ಪ ದೊಡ್ಡದಾದ ಕೂಡಲೇ ಅವೆರಡೂ ಸೇರಿ ಅದರ ತಲೆ ಕತ್ತರಿಸುತ್ತಿದ್ದವು. ಅಗ್ಗದ ಮಾಲು, ಯಾರೋ ಅರೆಬರೆ ತಿಳಿದವರು ಬೇಡದ ಜಾಗದಲ್ಲಿ ಬೆಸೆದಿದ್ದಾರೆ ಎಂದು ತೀರ್ಮಾನಿಸಿದೆ. ಎರಡನ್ನೂ ಕಿತ್ತೆ. ಅಲೆ ದುಂಡಗಾಯಿತು.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮೊದಲನೆಯ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಒಂದು ಚೂರು ಒಡಕು ಉಳಿದಿತ್ತು. ನನ್ನ ಕೈಯಿಂದ ಹೋದ ಸಾಮಾನಿನಲ್ಲಿ ಒಡಕು ಉಳಿಯಬಾರದು. ಗುರುವಾರ ಒಂದು ರೆಸಿಸ್ಟರ್ ಬದಲಿಸಿ ಅದನ್ನೂ ತೆಗೆದೆ. ಈಗ ಪೆಡಲ್ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ನೀರಿನ ಹಾಗೆ ತಿಳಿಯಾದ ಸದ್ದು. ಪಕ್ಕದ ಟೈಲರನ್ನು ಕರೆದು ಕೇಳಿಸಿದೆ. ಅವರು, "ಒತ್ತಿದ್ದೀರೋ ಬಿಟ್ಟಿದ್ದೀರೋ ಗೊತ್ತೇ ಆಗಲ್ವಲ್ರೀ," ಎಂದು ಮೆಚ್ಚಿದರು. ಶುಕ್ರವಾರ ಬಾಮೈದ ಬಂದು ತೆಗೆದುಕೊಂಡು ಹೋದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಸೆಕ್ರೆಟರಿಯವರು ಟಿ. ನರಸೀಪುರದಿಂದ ಮಾತಾಡುತ್ತಿದ್ದರು. ಅಲ್ಲಿನ ಒಂದು ಛತ್ರದಲ್ಲಿ ಬೀಗರ ಊಟ, ಮಧ್ಯಾಹ್ನ ಪಂಕ್ತಿ ಕೂರುವಾಗ ಅವರ ಆರ್ಕೆಸ್ಟ್ರಾ. ಹಿನ್ನೆಲೆಯಲ್ಲಿ ದೊಡ್ಡ ಪಾತ್ರೆಗಳನ್ನು ಉಜ್ಜುವ ಸದ್ದು ಕೇಳುತ್ತಿತ್ತು.

"ಸಾ, ಪೆಡಲ್ ಒತ್ತುದ್ರೆ ಏನೂ ಆಯ್ತಿಲ್ಲ."

"ಹೌದು. ಈಗ ಏನೂ ಆಗಲ್ಲ," ಅಂದೆ. ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ.

"ಏನೂ ಆಗಲ್ಲ ಅಂದ್ರೆ?"

"ಒಂದು ಚೂರೂ ಒಡೆಯಲ್ಲ. ಪೂರ್ತಿ ತೆಗೆದುಹಾಕಿದೀನಿ."

ಪಾತ್ರೆ ಉಜ್ಜುವುದು ಮಾತ್ರ ಕೇಳುತ್ತಿತ್ತು.

"ಸಾ, ಅದು ಒಡೀಬೇಕು."

"ಏನು ಒಡೀಬೇಕು?"

"ಸೌಂಡು. ಸೌಂಡ್ ಒಡೀಲಿ ಅಂತ್ಲೇ ಆ ಡಬ್ಬ ತಕಂಡಿರದು ಸಾ. ಒಂದೊಂದ್ಸಲ ಒಡೀತಿರ್ಲಿಲ್ಲ. ಅದ್ಕೇ ನಿಮ್ಗೆ ಕಳ್ಸಿದ್ದು. ಒಡೀತಿಲ್ಲ ನೋಡಿ ಅಂತ ಏಳ್ಕಳ್ಸಿದ್ನಲ್ಲ."

ನಾನು ನಿಂತಿದ್ದವನು ಕುಳಿತೆ. ಹಿಂದೆ ಕುರ್ಚಿ ಇತ್ತೋ ಇಲ್ಲವೋ ನೋಡಿರಲಿಲ್ಲ. ಇತ್ತು.

ಅವರು ನಿಧಾನವಾಗಿ ವಿವರಿಸಿದರು. ಗಿಟಾರಿನ ಸದ್ದನ್ನು ಬೇಕೆಂದೇ ಒಡೆದು, ದಪ್ಪ ಮಾಡಿ, ಎಳೆದ ಹಾಗೆ ಕೇಳಿಸುವುದಕ್ಕೆ ಆ ಡಬ್ಬ. ಒಳ್ಳೆಯ ಕಂಪನಿಯದು ಅವರ ಗಿಟಾರಿಗಿಂತ ದುಬಾರಿ, ಆದ್ದರಿಂದ ಈ ಅಗ್ಗದ್ದು. ತಂಡದ ಯಜಮಾನರು ಕೀಬೋರ್ಡ್ ನುಡಿಸುವವರು. ಹೋದ ತಿಂಗಳು ಅವರು, ಗಿಟಾರ್ ಸದ್ದು ನನ್ನ ಕೀಬೋರ್ಡಿನಲ್ಲೇ ಇದೆ, ಇನ್ನು ಮುಂದೆ ನೀವು ಬರುವುದು ಬೇಡ ಎಂದಿದ್ದರು. ಹದಿನೆಂಟು ವರ್ಷ ತಂಡದಲ್ಲಿದ್ದವರು ಸೆಕ್ರೆಟರಿ. ಕೊನೆಗೆ ಒಂದು ಹಾಡು ನೋಡಿ ತೀರ್ಮಾನಿಸಿ ಎಂದು ಕೇಳಿಕೊಂಡಿದ್ದರು. ಆ ಹಾಡಿನ ನಡುವೆ ಗಿಟಾರ್ ಒಂದೇ ನುಡಿಯುವ ಜಾಗವಿದೆ. ಒಡೆದ ಗಿಟಾರ್ ಕೀಬೋರ್ಡಿನಲ್ಲಿ ಬರುವುದಿಲ್ಲ ಎಂದು ಇವತ್ತು ಅಲ್ಲಿ ತೋರಿಸಬೇಕಿತ್ತು. ತೋರಿಸದಿದ್ದರೆ ಇವತ್ತೇ ಕೊನೆ.

"ಕೀಬೋರ್ಡಲ್ ಒತ್ತುದ್ರೂ ಬತ್ತದೆ ಸಾ," ಅಂದರು. "ಬಂದ್ರೆ ಲೋಟ್ದೊಳಗೆ ನೊಣ ಸಿಕ್ಕಾಕಂಡಂಗಿರ್ತದೆ."

ನಾನು ಬರುತ್ತೇನೆ ಎಂದೆ.

ಅಂಗಡಿ ತೆಗೆದು, ಬೆಸುಗೆ ಕಡ್ಡಿ, ಸೀಸ, ಇಕ್ಕಳ, ಮೀಟರು, ಒಂದು ಹಿಡಿ ಗಾಜಿನ ಡಯೋಡ್, ನಾನು ಕಿತ್ತ ರೆಸಿಸ್ಟರ್ ಎಲ್ಲ ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಬಾಮೈದನ ಆಟೋ ಬಂದು ನಿಂತಿತು. ಆ ಬೀಗರ ಊಟಕ್ಕೆ ಎಲೆ ಹಾಕುವವನೂ ಅವನೇ. ಭಾವ ಅವನಿಗೂ ಫೋನ್ ಮಾಡಿದ್ದರು. ಒಂಬತ್ತೂ ಮುಕ್ಕಾಲಿಗೆ ಹೊರಟೆವು. ಹಿಂದೆ ಎಲೆಯ ಕಟ್ಟುಗಳು, ಮುಂದೆ ಅವನ ಸೀಟಿನ ತುದಿಯಲ್ಲಿ ಅರ್ಧ ನಾನು.

ಊರು ದಾಟಿದ ಮೇಲೆ ಕೇಳಿದೆ. "ಭಾವ ನಿನಗೆ ಏನು ಹೇಳಿದ್ದರು?"

"ಒಡೀತಿಲ್ಲ ನೋಡಿ ಅನ್ನು ಅಂದ್ರು."

"ನೀನು ಏನು ಹೇಳಿದೆ?"

"ಒಡೀತದೆ ಅಂದೆ."

"ಯಾಕೆ?"

ಅವನು ಒಂದು ಹಾಲಿನ ಟ್ಯಾಂಕರಿಗೆ ದಾರಿ ಬಿಟ್ಟು, ಮತ್ತೆ ರಸ್ತೆಗೆ ಹತ್ತಿ, ಸಮಾಧಾನವಾಗಿ ಹೇಳಿದ. "ನೀವೇ ಯೋಚ್ನೆ ಮಾಡಿ ಸಾ. ಒಡೀತಿಲ್ಲ, ರಿಪೇರಿ ಮಾಡ್ಕೊಡಿ ಅಂತ ಪ್ರಪಂಚದಲ್ ಯಾರಾದ್ರೂ ಕೇಳ್ತರಾ? ಟ್ಯೂಬ್ ಒಡೀತಿಲ್ಲ, ಮಡ್ಕೆ ಒಡೀತಿಲ್ಲ ಅಂತ ಯಾರಾದ್ರೂ ಅಂಗ್ಡಿಗ್ ಓಯ್ತರಾ? ಭಾವ ಮಾತ್ ತಪ್ಪವ್ರೆ ಅನ್ಕಂಡು ನಾನೇ ಸರಿ ಮಾಡಿ ಏಳ್ದೆ."

ಅವನು ಮಾತನ್ನು ರಿಪೇರಿ ಮಾಡಿದ್ದ, ನಾನು ಡಬ್ಬವನ್ನು ರಿಪೇರಿ ಮಾಡಿದ್ದೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೆವು.

"ಬೇಗ ಹೋಗೋಕಾಗುತ್ತಾ?" ಅಂದೆ.

"ಯಾಕ್ ಎದರ್ಕತೀರಿ? ಆರ್ಕೆಸ್ಟ್ರಾ ಶುರುವಾಗದು ಪಂಕ್ತಿ ಕೂತ್ಮೇಲೆ. ಪಂಕ್ತಿ ಕೂರದು ಎಲೆ ಆಕುದ್ಮೇಲೆ. ಎಲೆ ಎಲ್ಲದೆ? ನಮ್ ಇಂದ್ಗಡೆ ಅದೆ."

ಹನ್ನೊಂದು ಗಂಟೆಗೆ ಛತ್ರ ತಲುಪಿದೆವು. ಮಟನ್ ಸಾರಿನ ಮಸಾಲೆ ರಸ್ತೆಯವರೆಗೂ ಬಂದಿತ್ತು. ಊಟದ ಹಾಲಿನ ಒಂದು ತುದಿಯಲ್ಲೇ ವೇದಿಕೆ. ಸೆಕ್ರೆಟರಿಯವರು ಇಸ್ತ್ರಿ ಮಾಡಿದ ಕೆಂಪು ಷರಟು ಹಾಕಿಕೊಂಡು, ಗಿಟಾರನ್ನು ಮಡಿಲಲ್ಲಿಟ್ಟು ವೇದಿಕೆಯ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡಿದ್ದೆ. "ಕಾಫಿ ಕುಡುದ್ರಾ ಸಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ಕೀಬೋರ್ಡಿನ ಹಿಂದಿನಿಂದ ನನ್ನ ಚೀಲ ನೋಡಿದರು. "ಏನ್ ಸೆಕ್ರೆಟ್ರಿಗಳೇ, ಗಿಟಾರಿಗೆ ಡಾಕ್ಟ್ರು ಮನೇಗೇ ಬಂದವ್ರೆ? ನಂದ್ ನೋಡಿ, ಒಂದ್ ಗುಂಡಿ ಒತ್ತುದ್ರೆ ಗಿಟಾರು, ಇನ್ನೊಂದ್ ಒತ್ತುದ್ರೆ ನಾದಸ್ವರ. ಜ್ವರ ಬರಲ್ಲ, ನೆಗಡಿ ಬರಲ್ಲ." ಒತ್ತಿಯೂ ತೋರಿಸಿದರು. ಲೋಟದ ನೊಣ ನನಗೂ ಕೇಳಿಸಿತು.

ಮೈಕ್ ಸೆಟ್ಟಿನವರು ನರಸೀಪುರದವರೇ, ನನ್ನ ಹಳೆಯ ಗಿರಾಕಿ. ಅವರ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡು, ವೇದಿಕೆಯ ಪಕ್ಕ ಒಂದು ಊಟದ ಮೇಜಿನ ಮೇಲೆ ಪೆಡಲ್ ಬಿಚ್ಚಿದೆ. ಡಯೋಡುಗಳನ್ನು ಒಂದರ ಮುಖ ಈ ಕಡೆ, ಒಂದರದು ಆ ಕಡೆ ಇಟ್ಟು ಬೆಸೆದೆ. ಹಳೆಯ ರೆಸಿಸ್ಟರನ್ನು ಅದರ ಜಾಗಕ್ಕೆ ಹಾಕಿದೆ. ಇಪ್ಪತ್ತೆರಡು ನಿಮಿಷ ಹಿಡಿಯಿತು. ಗಿಟಾರ್ ಸಿಕ್ಕಿಸಿ, ಅಂಗೈಯಿಂದ ಸ್ವಿಚ್ ಒತ್ತಿದೆ. ಸೆಕ್ರೆಟರಿಯವರು ಒಂದು ತಂತಿ ಎಳೆದರು.

ಒಡೆಯಿತು. ದಪ್ಪಗೆ, ಸ್ವಲ್ಪ ಗೊಗ್ಗರಾಗಿ, ತಂಬಾಕು ಹಾಕಿಕೊಂಡವರು ಹಾಡಿದ ಹಾಗೆ. ಮೂರು ದಿನ ನಾನು ಕೊಂದದ್ದು ಇದನ್ನು. ಬದುಕಿ ಬಂದಾಗ ಅಷ್ಟೇನೂ ಕೆಟ್ಟದಾಗಿ ಕೇಳಿಸಲಿಲ್ಲ.

ಸೆಕ್ರೆಟರಿಯವರ ಮುಖದಲ್ಲಿ ನಗು ಬಂತು. ಪೆಡಲನ್ನು ವೇದಿಕೆಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಕಾಲಿನಿಂದ ಒತ್ತಿದರು. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದರು. ಹತ್ತಿತು, ಆರಿತು. ತಂತಿ ಎಳೆದರೆ ನೀರಿನ ಹಾಗೆ ತಿಳಿ.

"ಇದೇ ಸಾ," ಅಂದರು. "ಇದ್ಕೇ ನಾನ್ ಕಳ್ಸಿದ್ದು."

ಹನ್ನೊಂದೂ ಐವತ್ತು. ನಾನು ಪೆಡಲನ್ನು ಮತ್ತೆ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದೆ. ಸರಿಯಾಗಿ ಕೆಲಸ ಮಾಡಿತು. ಅವರು ಕೆಳಗಿಟ್ಟು ಕಾಲಿನಿಂದ ಒತ್ತಿದರು. ಇಲ್ಲ. ಮೂರು ಸಲ ಹೀಗೆ ನಡೆಯಿತು. ಬಾಮೈದ ಎಲೆಯ ಕಟ್ಟು ಹೊತ್ತುಕೊಂಡು ಹೋಗುವವನು ನಿಂತು ನೋಡಿದ.

"ನಿಮ್ ಕೈ ಕಂಡ್ರೆ ಭಯ, ಭಾವನ್ ಕಾಲ್ ಕಂಡ್ರೆ ಸದ್ರ ಅದ್ಕೆ," ಅಂದ.

ತಮಾಷೆಗೆ ಹೇಳಿದ್ದು. ಆದರೆ ನಾನು ಅಲ್ಲೇ ನಿಂತೆ. ಅಂಗೈ ಒತ್ತುವುದು ನೇರವಾಗಿ, ಮೆತ್ತಗೆ. ಕಾಲು ಬೀಳುವುದು ಓರೆಯಾಗಿ, ಮೈಯ ಭಾರವೆಲ್ಲ ಹೊತ್ತುಕೊಂಡು. ಮೂರು ದಿನದಲ್ಲಿ ನಾನು ಆ ಸ್ವಿಚ್ಚನ್ನು ನೂರು ಸಲವಾದರೂ ಒತ್ತಿರಬೇಕು, ಒಮ್ಮೆಯೂ ಕಾಲಿನಿಂದ ಅಲ್ಲ. ಸಂಗೀತದ ಸಾಮಾನನ್ನು ತುಳಿಯುವುದು ನನ್ನಿಂದ ಆಗುತ್ತಿರಲಿಲ್ಲ. ತುಳಿಯಲೆಂದೇ ಮಾಡಿದ ಸಾಮಾನನ್ನು ತುಳಿಯದೆ ಪರೀಕ್ಷೆ ಮಾಡಿದ್ದೆ. ಅದರ ದೋಷ ತುಳಿದವರಿಗೆ ಮಾತ್ರ ಕಾಣುವಂಥದ್ದು.

ತಗಡಿನ ಡಬ್ಬವನ್ನು ತಳದ ಮುಚ್ಚಳ ಹಾಕದೆ, ಒಳಗಿನದು ಕಾಣುವ ಹಾಗೆ ಅಂತರ ಬಿಟ್ಟ ಎರಡು ಇಟ್ಟಿಗೆಗಳ ಮೇಲೆ ಇಡಿಸಿದೆ. ಬಾಮೈದನಿಗೆ ಟಾರ್ಚ್ ಕೊಟ್ಟು ಕೆಳಗಿನಿಂದ ನೋಡಲು ಹೇಳಿದೆ. ಚಪ್ಪಲಿ ಬಿಟ್ಟೆ. ಮನಸ್ಸಿನಲ್ಲೇ ಕ್ಷಮೆ ಕೇಳಿ, ಬಲಗಾಲಿಟ್ಟು ಒತ್ತಿದೆ.

"ಅಳ್ಳಾಡ್ತದೆ ಸಾ," ಅಂದ ಬಾಮೈದ, ನೆಲದ ಮೇಲೆ ಕೆನ್ನೆ ಇಟ್ಟುಕೊಂಡು. "ಸ್ವಿಚ್ಚಿನ್ ಒಟ್ಟೆ ಬಿರ್ಕ್ ಬುಟ್ಟದೆ. ಒತ್ತುದ್ರೆ ಬಾಯ್ ಬುಡ್ತದೆ."

ಬಗ್ಗಿ ನೋಡಿದೆ. ನಿಜ. ಸ್ವಿಚ್ಚಿನ ಪ್ಲಾಸ್ಟಿಕ್ ಮೈ ಸೀಳಿತ್ತು. ಓರೆಯಾಗಿ ಭಾರ ಬಿದ್ದಾಗ ಒಳಗಿನ ತಗಡು ತಗಡನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಇಂಥ ಪೆಡಲುಗಳನ್ನು, ಅಗ್ಗದ್ದನ್ನೂ ದುಬಾರಿಯದ್ದನ್ನೂ, ಬಿಚ್ಚಿ ನೋಡಿದ್ದೇನೆ. ಒಳಗಿನ ಐಸಿ, ಡಯೋಡು ಹೆಚ್ಚುಕಡಿಮೆ ಒಂದೇ. ಅಗ್ಗದವರು ಕಾಸು ಉಳಿಸುವುದು ಕಾಲು ಬೀಳುವ ಜಾಗದಲ್ಲಿ. ಆ ಹೊತ್ತಿಗೆ ನನಗೆ ತಿಳಿದದ್ದು ಇಷ್ಟು: ಈ ಸ್ವಿಚ್ ಸತ್ತಿದೆ, ಇಂಥದ್ದು ನನ್ನ ಚೀಲದಲ್ಲಿಲ್ಲ, ಭಾನುವಾರ ನರಸೀಪುರದಲ್ಲಿ ಎಲ್ಲೂ ಸಿಗುವುದಿಲ್ಲ.

ಸ್ವಿಚ್ಚನ್ನು ಕಿತ್ತುಹಾಕಿ ನೇರ ತಂತಿ ಬೆಸೆಯಬಹುದಿತ್ತು. ಆಗ ಪೆಡಲ್ ಯಾವಾಗಲೂ ಒಡೆಯುತ್ತಲೇ ಇರುತ್ತದೆ. ಮೊದಲ ಹಾಡು ಗಣೇಶನ ಸ್ತುತಿ ಎಂದು ಸೆಕ್ರೆಟರಿಯವರು ತಗ್ಗಿದ ದನಿಯಲ್ಲಿ ನೆನಪಿಸಿದರು.

ಛತ್ರದ ಲೈಟಿನವರು ಬಾಗಿಲ ಬಳಿ ಸೀರಿಯಲ್ ಸೆಟ್ ಕಟ್ಟುತ್ತಿದ್ದರು. ಅವರ ಡಬ್ಬದಲ್ಲಿ ಏನಿದೆ ನೋಡಲೇ ಎಂದು ಕೇಳಿ, ನೋಡಿದೆ. ತಂತಿ, ಹೋಲ್ಡರು, ಟೇಪು, ಮತ್ತು ಮನೆಗಳಲ್ಲಿ ಮೆಟ್ಟಿಲಿಗೆ ಹಾಕುವ ಒಂದು ಬಿಳಿಯ ಸ್ವಿಚ್. ಕೆಳಗಿನಿಂದ ಹಾಕಿ ಮೇಲಿನಿಂದ ಆರಿಸುತ್ತೇವಲ್ಲ, ಆ ಟೂ ವೇ ಸ್ವಿಚ್. ಅದಕ್ಕೆ ಮೂರು ಪಿನ್. ಅದನ್ನು ಕೈಯಲ್ಲಿ ಹಿಡಿದುಕೊಂಡು ಅರ್ಧ ನಿಮಿಷ ನಿಂತೆ. ನಡುವಿನ ಪಿನ್ನಿನಿಂದ ಸ್ಪೀಕರಿಗೆ. ಒಂದು ಪಕ್ಕಕ್ಕೆ ಗಿಟಾರಿನಿಂದ ನೇರ ಬಂದ ಸದ್ದು. ಇನ್ನೊಂದು ಪಕ್ಕಕ್ಕೆ ಪೆಡಲಿನೊಳಗೆ ಒಡೆದು ಬಂದ ಸದ್ದು. ದೀಪ ಹತ್ತುವುದಿಲ್ಲ, ಹತ್ತದಿದ್ದರೆ ಬೇಡ. ಇನ್ನೂರ ನಲವತ್ತು ವೋಲ್ಟ್ ತಡೆಯುವ ಸ್ವಿಚ್ಚು ಸೆಕ್ರೆಟರಿಯವರ ಕಾಲಿನ ಹೆಬ್ಬೆರಳನ್ನು ತಡೆಯದೇ ಇರದು.

ಒಪ್ಪಿಕೊಳ್ಳಬೇಕಾದದ್ದು ಅವರು. ಗಿಟಾರಿಗೆ ಗೋಡೆಯ ಸ್ವಿಚ್ ಹಾಕಿಕೊಂಡು ಎಲ್ಲರ ಮುಂದೆ ನಿಲ್ಲುವವರು ಅವರು, ನಾನಲ್ಲ. ತೋರಿಸಿದೆ. ಅವರು ತಿರುಗಿಸಿ ನೋಡಿ, ಟಕ್ ಟಕ್ ಎಂದು ಎರಡು ಸಲ ಒತ್ತಿ, "ಡೈರೀಲೂ ಇದೇ ಕಂಪ್ನೀದು ಆಕ್ಸಿರದು. ಐದ್ ವರ್ಷಾಯ್ತು," ಅಂದರು.

ಮಸಾಲೆ ಪೆಟ್ಟಿಗೆಯ ಹಲಗೆಯೊಂದನ್ನು ಅಡುಗೆಯವರಿಂದ ಕೇಳಿ ತಂದೆ. ಅದಕ್ಕೆ ಸ್ವಿಚ್ಚನ್ನು ಸ್ಕ್ರೂ ಮಾಡಿ, ಪಕ್ಕದಲ್ಲಿ ಪೆಡಲನ್ನು ಟೇಪಿನಿಂದ ಸುತ್ತಿ ಕೂರಿಸಿ, ತಂತಿ ಬೆಸೆಯಲು ಕುಳಿತೆ. ಹನ್ನೆರಡೂ ಕಾಲಾಗಿತ್ತು. ಜನ ಬಂದು ಬೆಂಚು ಹಿಡಿಯತೊಡಗಿದ್ದರು. ಊಟ ಹಾಕಿಸುತ್ತಿದ್ದ ಗಂಡಿನ ತಂದೆ ಎಲೆ ಹಾಕಿ ಎಂದು ಕೂಗಿದರು. ಯಜಮಾನರು ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದರು. ಆರಿಸಿಟ್ಟಿದ್ದ ನನ್ನ ಬೆಸುಗೆ ಕಡ್ಡಿ ಇನ್ನೂ ಕಾದಿರಲಿಲ್ಲ.

ಆಗ ಹಿಂದಿನಿಂದ ಬಾಮೈದನ ದನಿ ಕೇಳಿತು.

"ಎಲೆ ತೊಳೀಬೇಕು ಸಾ."

"ಎಲೆ ಮ್ಯಾಲೆ ನೀರ್ ಚಿಮುಕುಸ್ಕತಾರೆ, ನೀನ್ ಆಕಪ್ಪ," ಅಂದರು ಗಂಡಿನ ತಂದೆ.

"ಬ್ಯಾರೆ ಊಟ ಆಗಿದ್ರೆ ಆಕ್ಬುಡ್ತಿದ್ದೆ. ಬೀಗ್ರು. ನಾಳೆ ಎಲೇಲಿ ಮಣ್ಣಿತ್ತು ಅಂತ ಒಂದ್ ಮಾತ್ ಬಂದ್ರೆ ಕೆಟ್ಟೆಸ್ರು ನಿಮ್ಗೋ ನಂಗೋ?"

ಗಂಡಿನ ತಂದೆ ಅಡುಗೆಯವರ ಕಡೆಗೆ ಹೋದರು. ಬಾಮೈದ ನಲ್ಲಿಯ ಕೆಳಗೆ ಒಂದೊಂದೇ ಎಲೆಯನ್ನು ಹಿಡಿದು, ಎರಡೂ ಮಗ್ಗುಲು ತೊಳೆದು, ಒದರಿ, ಒರೆಸಿ ಇಡುತ್ತಿದ್ದ. ಅಷ್ಟು ಶುದ್ಧವಾದ ಎಲೆಯಲ್ಲಿ ಆ ಛತ್ರದಲ್ಲಿ ಯಾರೂ ಉಂಡಿರಲಾರರು. ಅವನು ಅರವತ್ತನೆಯ ಎಲೆಗೆ ಬರುವಾಗ ನನ್ನ ಮೂರನೆಯ ತಂತಿ ಹಿಡಿಯಿತು. ನಾನು ಕೈ ಎತ್ತಿ ತೋರಿಸಿದೆ. ಉಳಿದ ಎಲೆಗಳನ್ನು ಅವನು ಹಾಗೇ ತೆಗೆದುಕೊಂಡು ಹೋಗಿ ಹಾಸಿದ.

ಹನ್ನೆರಡೂ ನಲವತ್ತಕ್ಕೆ ಕಾರ್ಯಕ್ರಮ ಶುರುವಾಯಿತು. ಮೊದಲ ಎರಡು ಹಾಡು ಯಾವ ಅಡ್ಡಿಯೂ ಇಲ್ಲದೆ ಹೋದವು. ನಡುವೆ ವೇದಿಕೆಗೆ ಹತ್ತಿರ ಕುಳಿತಿದ್ದ ಒಬ್ಬ ಅಜ್ಜ ಮುದ್ದೆ ಮುರಿಯುತ್ತಾ, ಸೆಕ್ರೆಟರಿಯವರ ಕಾಲ ಬಳಿಯ ಸ್ವಿಚ್ ನೋಡಿ, "ಅಪ್ಪಾ, ಆ ಫ್ಯಾನ್ ವಸಿ ಆಕು," ಅಂದರು. ಸೆಕ್ರೆಟರಿಯವರು ಮರ್ಯಾದೆಗೆ ತಲೆಯಾಡಿಸಿದರು.

ಮೂರನೆಯದು ಆ ಹಾಡು. ನಾನು ಮೈಕ್ ಸೆಟ್ಟಿನವರ ಪಕ್ಕ ನಿಂತಿದ್ದೆ. ಎರಡು ಚರಣ ಮುಗಿದು ಗಾಯಕಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಯಜಮಾನರು ಕೈಗಳನ್ನು ಕೀಬೋರ್ಡಿನಿಂದ ಎತ್ತಿ, ಆದರೆ ಗುಂಡಿಯ ಹತ್ತಿರವೇ ಇಟ್ಟುಕೊಂಡರು, ಬೇಕಾದರೆ ಇರಲಿ ಎನ್ನುವ ಹಾಗೆ. ಸೆಕ್ರೆಟರಿಯವರು ಹೆಬ್ಬೆರಳು ಮುಂದೆ ಚಾಚಿದರು. ಟಕ್ ಎನ್ನುವುದು ನನಗೆ ಅಲ್ಲಿಯವರೆಗೂ ಕೇಳಿಸಿತು.

ಗಿಟಾರ್ ಒಡೆದುಕೊಂಡು ಎದ್ದಿತು. ಸಾರು ಬಡಿಸುವವನ ಸೌಟು ನಿಂತಿತು. ಅದೇ ಗಳಿಗೆಯಲ್ಲಿ ಮಿಕ್ಸರಿನ ಕೆಂಪು ದೀಪ ಹತ್ತಿತು. ಮೈಕ್ ಸೆಟ್ಟಿನವರ ಕೈ ತಾನಾಗಿ ಗಿಟಾರಿನ ಸ್ಲೈಡರಿಗೆ ಹೋಗಿ ಅದನ್ನು ಕೆಳಕ್ಕೆ ಎಳೆಯಿತು. ಗಿಟಾರ್ ಬಾವಿಗೆ ಬಿದ್ದ ಹಾಗೆ ಆಯಿತು. ಸೆಕ್ರೆಟರಿಯವರ ಬೆರಳುಗಳು ಓಡುತ್ತಿದ್ದವು, ಸದ್ದು ಇರಲಿಲ್ಲ. ಯಜಮಾನರ ಕೈ ಗುಂಡಿಗೆ ಇಳಿಯುತ್ತಿತ್ತು.

ನಾನು ಮೈಕ್ ಸೆಟ್ಟಿನವರ ಮಣಿಕಟ್ಟು ಹಿಡಿದೆ. ಯಾರ ಕೈಯನ್ನೂ ನಾನು ಹಾಗೆ ಹಿಡಿದವನಲ್ಲ.

"ಏರಿಸಿ," ಅಂದೆ.

"ಒಡೀತದೆ ಸಾ."

"ಒಡೀಲಿ ಬಿಡಿ."

"ನೀವೇ ಏಳ್ಕೊಟ್ಟಿದ್ದಲ್ವಾ ಸಾ, ಕೆಂಪ್ ಲೈಟ್ ಬಂದ್ರೆ ಇಳ್ಸು ಅಂತ."

"ಹೇಳಿದ್ದೆ. ಇದೊಂದು ಬೇರೆ. ಏರಿಸಿ."

ಅವರು ನನ್ನ ಮುಖವನ್ನು ನೋಡಿದರು. ಏನು ಕಂಡಿತೋ ತಿಳಿಯದು, ಕೈ ಸಡಿಲ ಬಿಟ್ಟರು. ಸ್ಲೈಡರನ್ನು ನಾನೇ ಮೇಲಕ್ಕೆ ತಳ್ಳಿದೆ. ಗಿಟಾರ್ ಬಾವಿಯಿಂದ ಎದ್ದು ಬಂತು. ಯಜಮಾನರ ಕೈ ಗುಂಡಿಗೆ ಒಂದು ಬೆರಳಿನಷ್ಟು ಮೇಲೆ ನಿಂತು, ಆಮೇಲೆ ಮಡಿಲಿಗೆ ಹೋಯಿತು. ಮುಂದಿನದು ಒಂದು ನಿಮಿಷವೂ ಇರಲಿಕ್ಕಿಲ್ಲ. ಸೆಕ್ರೆಟರಿಯವರು ಕಣ್ಣು ಮುಚ್ಚಿದ್ದರು. ಒಂದು ಸ್ವರವನ್ನು ಎಳೆದು ಎಷ್ಟು ಹೊತ್ತು ಹಿಡಿದರೆಂದರೆ, ಬಾಮೈದ ನೀರಿನ ಜಗ್ಗು ಹಿಡಿದವನು ಒಬ್ಬರ ಲೋಟ ತುಂಬಿ ಚೆಲ್ಲುವವರೆಗೆ ಸುರಿದ. ಆಮೇಲೆ ಟಕ್. ಗಾಯಕಿ ಮುಂದೆ ಬಂದು ಹಾಡು ಮುಗಿಸಿದರು.

ಚಪ್ಪಾಳೆ ಬರಲಿಲ್ಲ. ಎಲ್ಲರ ಬಲಗೈಯೂ ಎಂಜಲು.

ಹೆಣ್ಣಿನ ಕಡೆಯ ಹಿರಿಯರೊಬ್ಬರು ಪಂಕ್ತಿಯ ಮೊದಲಲ್ಲಿ ಕುಳಿತಿದ್ದರು. ಬೀಗರಲ್ಲಿ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದುದನ್ನು ನಾನು ಆಗಲೇ ಗಮನಿಸಿದ್ದೆ. ಅವರು ಎಡಗೈ ಎತ್ತಿ ಕರೆದರು. ಗಂಡಿನ ತಂದೆ ಓಡಿದರು. ಯಜಮಾನರು ವೇದಿಕೆಯಿಂದ ಇಳಿದರು. ಮೈಕ್ ಸೆಟ್ಟಿನವರು ನನ್ನನ್ನೂ ಎಳೆದುಕೊಂಡು ಹೋದರು.

"ಮೈಕ್ನೋರು ಯಾರಪ್ಪ?" ಅಂದರು ಹಿರಿಯರು.

ಮೈಕ್ ಸೆಟ್ಟಿನವರು ನನ್ನ ಹಿಂದೆ ಅರ್ಧ ಸರಿದು ಕೈ ಎತ್ತಿದರು.

"ನಿಮ್ ಸ್ಪೀಕರ್ ಅರ್ದೋಗದೆ."

ಯಜಮಾನರು ಒಂದು ಹೆಜ್ಜೆ ಹಿಂದಿಟ್ಟರು. ನಾನು ಬಾಯಿ ತೆರೆದೆ. ಹಿರಿಯರು ಮೂಳೆ ಹಿಡಿದ ಕೈಯನ್ನು ವೇದಿಕೆಯ ಕಡೆ ತೋರಿಸಿದರು.

"ಆದ್ರೂ ಆ ಗಿಟಾರ್ನೋರ್ನ ಮೆಚ್ಬೇಕು ಕಣ್ರೀ. ಅರ್ದೋದ್ ಸ್ಪೀಕರಲ್ಲೂ ಬುಡ್ದಂಗೆ ಬಾರ್ಸುದ್ರು. ಅದ್ರಲ್ಲೂ ಒಂದ್ ಅಳು ಬತ್ತು. ಬ್ಯಾರೇರಾಗಿದ್ರೆ ನಿಲ್ಸ್ಬುಡೋರು. ಇನ್ನೊಂದ್ಸಲ ಬಾರ್ಸಕ್ಕೇಳಿ. ಸ್ಪೀಕರ್ ಆಮೇಕ್ ಸರಿ ಮಾಡ್ಕಳಿ."

"ನಮ್ ಗಿಟಾರಿಸ್ಟು," ಅಂದರು ಯಜಮಾನರು, ಹಿಂದಿಟ್ಟ ಹೆಜ್ಜೆಯನ್ನು ಮುಂದಿಟ್ಟು. "ಹದಿನೆಂಟ್ ವರ್ಷದಿಂದ ನಮ್ ಜೊತೇಲೇ ಅವ್ರೆ."

"ನಮ್ ಎರಡ್ನೇ ಮಗಳ್ ಮದ್ವೆ ಕವಲಂದೇಲಿ. ಅಲ್ಗೂ ಇವ್ರನ್ನೇ ಕರ್ಕಂಡ್ ಬನ್ನಿ."

"ಬಿಡ್ತೀವಾ ಸಾ? ಅವ್ರಿಲ್ದೆ ನಾ ಎಲ್ಗೂ ಓಗದೇ ಇಲ್ಲ," ಅಂದರು ಯಜಮಾನರು.

ವೇದಿಕೆಯ ಬಳಿಗೆ ಬಂದಾಗ ಸೆಕ್ರೆಟರಿಯವರು ಬಗ್ಗಿ, "ಏನಂದ್ರು ಸಾ?" ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಸ್ಪೀಕರ್ ಹರಿದಿದೆ ಎಂದು ತಿಳಿದುಕೊಂಡಿದ್ದಾರೆ, ಹರಿದ ಸ್ಪೀಕರಿನಲ್ಲೂ ನುಡಿಸಿದ್ದಕ್ಕೆ ಮೆಚ್ಚಿದ್ದಾರೆ, ಕವಲಂದೆಗೂ ನೀವೇ ಬೇಕಂತೆ, ಯಜಮಾನರು ಒಪ್ಪಿದ್ದಾರೆ, ಈಗ ಇನ್ನೊಂದು ಸಲ ನುಡಿಸಬೇಕಂತೆ. ಹೋಗಿ ತಿಳಿಸಿ ಹೇಳಿ ಬರಲೇ ಎಂದೂ ಕೇಳಿದೆ.

ಅವರು ಕಣ್ಣು ಕಿರಿದು ಮಾಡಿ ಪಂಕ್ತಿಯ ಕಡೆ ನೋಡಿದರು. ಹಾಲಿನ ಫ್ಯಾಟನ್ನೂ ಹೀಗೇ ನೋಡುತ್ತಾರೇನೋ.

"ಊಟ ಮಾಡ್ತಾವ್ರೆ. ಯಾಕ್ ತೊಂದ್ರೆ ಕೊಡ್ತೀರಿ ಬುಡಿ ಸಾ," ಎಂದು ಹೇಳಿ, ಹೆಬ್ಬೆರಳು ಚಾಚಿ ಸ್ವಿಚ್ ಹಾಕಿದರು.

ನಾನು ಮಿಕ್ಸರಿನ ಕಡೆ ತಿರುಗಿ ನೋಡಿದೆ. ಕೆಂಪು ದೀಪ ಹತ್ತಿತ್ತು. ಮೈಕ್ ಸೆಟ್ಟಿನವರು ಅದನ್ನೂ ನೋಡಿ, ಪಂಕ್ತಿಯನ್ನೂ ನೋಡಿ, ಸ್ಲೈಡರನ್ನು ಒಂದು ಉಗುರಿನಷ್ಟು ಮೇಲಕ್ಕೆ ತಳ್ಳಿದರು. ನಾನು ಹೇಳಿರಲಿಲ್ಲ.